ಅನ್ನ ಪೋಲಾಗಬಾರದು ಅಂತ ಎಲ್ಲರೂ ಒಪ್ಪುತ್ತಾರೆ, ಮತ್ತೆ ಸರ್ಕಾರದ ಯೋಜನೆಗೆ ಇಷ್ಟು ಗೊಣಗಾಟ ಯಾಕೆ?

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಆಹಾರ ಪೋಲಿನ ಬಗ್ಗೆ ಒಂದು ವರದಿ ಹೊರತಂದಿತು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಪೋಲಾಗುತ್ತದೆ ಅನ್ನುವುದು ಅದರ ಅಂದಾಜು. ದಿನಕ್ಕೆ ಹೆಚ್ಚುಕಡಿಮೆ 150 ಗ್ರಾಂ. ಈ ಅಂಕಿಯನ್ನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಯಾರ ಮುಂದೆ ಹೇಳಿದರೂ ಮೊದಲು ಬರುವ ಮಾತು ಒಂದೇ: "ನಮ್ಮಲ್ಲಿ ಅಷ್ಟೆಲ್ಲ ಇಲ್ಲ."

ಹಾಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ವರದಿಯೂ ಸುಳ್ಳಲ್ಲ. ಎರಡರ ನಡುವೆ ಏನಿದೆ ಅಂತ ನೋಡಿದರೆ, ಆಹಾರ ಪೋಲು ತಡೆಯುವ ಸರ್ಕಾರಿ ಯೋಜನೆಗಳ ಬಗ್ಗೆ ನಮ್ಮ ಗಡಿನಾಡಿನ ಜನ ಯಾಕೆ ಒಮ್ಮೆ ತಲೆಯಾಡಿಸುತ್ತಾರೆ, ಒಮ್ಮೆ ಮುಖ ತಿರುಗಿಸುತ್ತಾರೆ ಅನ್ನುವುದು ಅರ್ಥವಾಗುತ್ತದೆ.

ಮೊದಲು ಅಂಕಿಯ ವಿಷಯ. ಆ 55 ಕಿಲೋದಲ್ಲಿ ಬಾಳೆಕಾಯಿ ಸಿಪ್ಪೆ, ಮೀನಿನ ಮುಳ್ಳು, ಮಾವಿನ ಗೊರಟು ಎಲ್ಲ ಸೇರಿದೆ. ತಿನ್ನಬಹುದಾದದ್ದು ಎಷ್ಟು, ತಿನ್ನಲಾಗದ್ದು ಎಷ್ಟು ಅಂತ ಬೇರೆ ಮಾಡಿಲ್ಲ. ಭಾರತದ ಅಂದಾಜು ಬಂದದ್ದು ಕೂಡ ಕೆಲವೇ ಊರುಗಳಲ್ಲಿ ನಡೆದ ಅಧ್ಯಯನಗಳಿಂದ. ಇನ್ನೊಂದು ಮುಖ್ಯ ಸಂಗತಿ ಇದೆ. ಈ ಲೆಕ್ಕದಲ್ಲಿ ದನಕ್ಕೆ, ಕೋಳಿಗೆ ಹಾಕಿದ ಆಹಾರ ಪೋಲು ಅಲ್ಲ. ಆದರೆ ಗೊಬ್ಬರದ ಗುಂಡಿಗೆ ಹೋದದ್ದು ಪೋಲು. ಕಸದಿಂದ ಅಡುಗೆ ಅನಿಲ ಮಾಡುವ ಗ್ಯಾಸ್ ಪ್ಲಾಂಟಿಗೆ ಹಾಕಿದ್ದೂ ಪೋಲೇ.

ಇದು ನಮ್ಮ ಹಳ್ಳಿಮನೆಗಳಿಗೆ ನೇರವಾಗಿ ತಾಗುವ ವಿಷಯ. ಹಟ್ಟಿಯಲ್ಲಿ ಎರಡು ದನ ಇರುವ ಮನೆಯಲ್ಲಿ ಅಕ್ಕಿ ತೊಳೆದ ನೀರು, ಗಂಜಿತಿಳಿ, ಉಳಿದ ಅನ್ನ, ತರಕಾರಿ ಸಿಪ್ಪೆ ಎಲ್ಲ ಅಕ್ಕಚ್ಚಿನ ಬಾಲ್ದಿಗೆ ಹೋಗುತ್ತದೆ. ಅಡುಗೆಮನೆಯ ಹಿಂಬಾಗಿಲಿನ ಹತ್ತಿರ ಅದಕ್ಕೊಂದು ಖಾಯಂ ಜಾಗ. ಸಂಜೆಗೆ ಬಾಲ್ದಿ ತುಂಬುತ್ತದೆ, ಅದಕ್ಕೆ ಒಂದು ಮುಷ್ಟಿ ಹಿಂಡಿ ಕಲಸುತ್ತಾರೆ, ದನ ಕುಡಿದು ಬಾಲ್ದಿಯ ತಳ ನೆಕ್ಕುತ್ತದೆ. ಆ ಮನೆಯವರು "ನಮ್ಮಲ್ಲಿ ಪೋಲಾಗುವುದೇ ಇಲ್ಲ" ಅಂದರೆ ವಿಶ್ವಸಂಸ್ಥೆಯ ಲೆಕ್ಕದಲ್ಲೂ ಅದು ಬಹುಮಟ್ಟಿಗೆ ನಿಜ. ಆದರೆ ಇತ್ತೀಚೆಗೆ ಹಟ್ಟಿಗಳು ಖಾಲಿಯಾಗುತ್ತಿವೆ. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋದರು, ಹುಲ್ಲು ತರುವವರಿಲ್ಲ, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅದೇ ಮನೆ, ಅದೇ ಅಡುಗೆ, ಅಷ್ಟೇ ಉಳಿಕೆ. ದನ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಈಗ ಅದು ಕಸ. ಮನೆಯವರ ಅಭ್ಯಾಸ ಕೆಟ್ಟಿಲ್ಲ, ಸುತ್ತಲಿನ ವ್ಯವಸ್ಥೆ ಕಳಚಿಬಿದ್ದಿದೆ. ಯೋಜನೆ ಮಾಡುವವರು ಇದನ್ನು ನೋಡದೆ "ಜನರಲ್ಲಿ ಜಾಗೃತಿ ಇಲ್ಲ" ಅಂತ ಶುರುಮಾಡಿದರೆ ಜನರಿಗೆ ಸಿಟ್ಟು ಬರದೆ ಇರುತ್ತದಾ?

ಪೋಲು ಬೇರೆ, ನಷ್ಟ ಬೇರೆ

ಇದರ ಪಕ್ಕದಲ್ಲೇ ಇನ್ನೊಂದು ಗೊಂದಲ ಇದೆ. ತೋಟದಿಂದ ಅಂಗಡಿಗೆ ಬರುವ ಮೊದಲೇ ಹಾಳಾಗುವುದು ನಷ್ಟ. ಅಂಗಡಿ, ಹೋಟೆಲು, ಮನೆಯಲ್ಲಿ ಹಾಳಾಗುವುದು ಪೋಲು. ಜಗತ್ತಿನಲ್ಲಿ ಬೆಳೆದದ್ದರಲ್ಲಿ ನೂರಕ್ಕೆ 13ರಷ್ಟು ಮೊದಲನೆಯ ದಾರಿಯಲ್ಲಿ ಹೋಗುತ್ತದೆ. ಜನರ ಕೈಗೆ ಸಿಗುವ ಹಂತಕ್ಕೆ ಬಂದದ್ದರಲ್ಲಿ ನೂರಕ್ಕೆ 19ರಷ್ಟು ಎರಡನೆಯ ದಾರಿಯಲ್ಲಿ ಹೋಗುತ್ತದೆ. 2022ರಲ್ಲಿ ಈ ಎರಡನೆಯದರ ಮೊತ್ತ 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದು. 2030ರ ಒಳಗೆ ಇದನ್ನು ಅರ್ಧಕ್ಕೆ ಇಳಿಸಬೇಕು ಅನ್ನುವುದು ದೇಶಗಳೆಲ್ಲ ಸೇರಿ ಇಟ್ಟುಕೊಂಡ ಗುರಿ.

ನಮ್ಮಲ್ಲಿ ನಷ್ಟ ನೋಡಬೇಕಾದರೆ ಮೇ, ಜೂನ್ ತಿಂಗಳಲ್ಲಿ ಅಡಿಕೆ ತೋಟದ ಬದಿಗೆ ಹೋದರೆ ಸಾಕು. ಹಲಸು ಬಿದ್ದು ಒಡೆದು ಕೊಳೆಯುತ್ತಿರುತ್ತದೆ. ಕೇರಳ ಸರ್ಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿತು. ಹಣ್ಣಿಗೆ ಮರ್ಯಾದೆ ಸಿಕ್ಕಿತು, ಆದರೆ ಮರ ಹತ್ತಿ ಕೊಯ್ಯುವವರು ಸಿಕ್ಕಲಿಲ್ಲ. ಹಿಂದೆ ಉಪ್ಪಿನಲ್ಲಿ ಹಾಕಿದ ಸೊಳೆ, ಹಪ್ಪಳ, ಬೇಳೆಯ ಸಾಂತಾಣಿ ಅಂತ ಮಳೆಗಾಲ ಪೂರ್ತಿಗೆ ಕೂಡಿಡುತ್ತಿದ್ದರು. ಅದೆಲ್ಲ ಹೆಂಗಸರ ದುಡಿಮೆಯ ಮೇಲೆ ನಿಂತಿತ್ತು. ಆ ದುಡಿಮೆಗೆ ಯಾರೂ ಬೆಲೆ ಕಟ್ಟಲಿಲ್ಲ, ಈಗ ಅದು ನಿಂತಾಗ ಹಣ್ಣು ಮಣ್ಣುಪಾಲು.

ದೇಶದ ಮಟ್ಟದಲ್ಲೂ ನಷ್ಟ ಸಣ್ಣದಲ್ಲ. ಕೊಯ್ಲಿನ ನಂತರದ ನಷ್ಟದ ಬಗ್ಗೆ ಕೇಂದ್ರದ ಕೃಷಿ ಸಂಶೋಧನಾ ಸಂಸ್ಥೆಯೊಂದು 2015ರಲ್ಲಿ ಕೊಟ್ಟ ವರದಿ ವರ್ಷಕ್ಕೆ ಸುಮಾರು 92 ಸಾವಿರ ಕೋಟಿ ರೂಪಾಯಿ ಅಂತ ಲೆಕ್ಕ ಹಾಕಿತ್ತು. 2010ರಲ್ಲಿ ಸರ್ಕಾರಿ ಗೋದಾಮುಗಳಲ್ಲಿ ಗೋಧಿ ಕೊಳೆಯುವ ಚಿತ್ರಗಳು ಪೇಪರಿನಲ್ಲಿ ಬಂದವು. ಕೊಳೆಯಲು ಬಿಡುವ ಬದಲು ಹಸಿದವರಿಗೆ ಉಚಿತವಾಗಿ ಹಂಚಿ ಅಂತ ಸುಪ್ರೀಂ ಕೋರ್ಟು ಹೇಳಿತು. ಅದು ಬರೀ ಸಲಹೆ ಅಂತ ಆಗಿನ ಕೃಷಿ ಮಂತ್ರಿ ಶರದ್ ಪವಾರ್ ಹೇಳಿದಾಗ, ಸಲಹೆ ಅಲ್ಲ, ಆದೇಶ ಅಂತ ಕೋರ್ಟು ಮತ್ತೆ ಸ್ಪಷ್ಟ ಮಾಡಬೇಕಾಯಿತು. "ಮೊದಲು ಗೋದಾಮು ಸರಿಮಾಡಲಿ, ಆಮೇಲೆ ನಮ್ಮ ಎಲೆ ನೋಡಲಿ" ಅಂತ ರೇಶನ್ ಅಂಗಡಿಯ ಸಾಲಿನಲ್ಲಿ ಕೇಳುವ ಮಾತಿಗೆ ಬೇರು ಇಲ್ಲಿದೆ. ನನಗೆ ಅದು ನ್ಯಾಯದ ಮಾತು ಅನಿಸುತ್ತದೆ. ಆದರೆ ಅರ್ಧ ನ್ಯಾಯ. ಗೋದಾಮಿನ ತಪ್ಪು ನಮ್ಮ ಎಲೆಯ ತಪ್ಪನ್ನು ಮಾಫಿ ಮಾಡುವುದಿಲ್ಲ.

ಅಭಿಪ್ರಾಯ ಒಂದಲ್ಲ, ನಾಲ್ಕು

ಜನಾಭಿಪ್ರಾಯ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ಇಲ್ಲಿ ಅದು ಕನಿಷ್ಠ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿಗೆ ಕೊಡುವ ನಾಲ್ಕು ಉತ್ತರ. ಪೋಲು ತಪ್ಪಾ? ಯಾರ ತಪ್ಪು? ಸರಿಮಾಡಲು ಸರ್ಕಾರ ಏನು ಮಾಡಬಹುದು? ಅದರ ಖರ್ಚು, ಕಿರಿಕಿರಿ ಯಾರ ಹೆಗಲಿಗೆ?

ಮೊದಲ ಪ್ರಶ್ನೆಗೆ ಯಾರನ್ನು ಕೇಳಿದರೂ ಹೌದು, ತಪ್ಪು ಅನ್ನುತ್ತಾರೆ. ಎಲೆಯಲ್ಲಿ ಒಂದು ಅಗುಳು ಬಿಟ್ಟರೆ ಅಜ್ಜಿಯ ಬೈಗುಳ ತಿಂದು ಬೆಳೆದವರು ನಾವು. ಅದಕ್ಕೇ ಬರೀ ಈ ಪ್ರಶ್ನೆ ಕೇಳುವ ಸಮೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ನಾಚಿಕೆಯ ವಿಷಯದಲ್ಲಿ ಮನುಷ್ಯ ತನ್ನ ಪಾಲನ್ನು ಕಡಿಮೆ ಮಾಡಿಯೇ ಹೇಳುತ್ತಾನೆ. ನೆನಪಿನಿಂದ ಹೇಳುವುದಕ್ಕೂ ತಕ್ಕಡಿಯಲ್ಲಿ ತೂಗುವುದಕ್ಕೂ ತುಂಬ ವ್ಯತ್ಯಾಸ ಬರುತ್ತದೆ. ಅದಕ್ಕಾಗಿಯೇ ಈ ವಿಷಯದಲ್ಲಿ ಕೆಲಸ ಮಾಡುವವರು ಕೇಳಿ ಬರೆಯುವುದಕ್ಕಿಂತ ತೂಗಿ ಬರೆಯುವುದನ್ನು ಹೆಚ್ಚು ನಂಬುತ್ತಾರೆ.

ಜಗಳ ಶುರುವಾಗುವುದು ನಾಲ್ಕನೇ ಪ್ರಶ್ನೆಯಲ್ಲಿ.

ಮದುವೆ ಊಟಕ್ಕೆ ಸರ್ಕಾರ ಕೈ ಹಾಕಬಹುದಾ?

ಈ ಆಲೋಚನೆ ಹಳೆಯದು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ವಾರಕ್ಕೊಂದು ಹೊತ್ತಿನ ಊಟ ಬಿಡಿ ಅಂತ ದೇಶವನ್ನು ಕೇಳಿದರು. ಸೋಮವಾರ ರಾತ್ರಿ ಒಲೆ ಹಚ್ಚದ ಮನೆಗಳ ಕಥೆಯನ್ನು ಹಿರಿಯರು ಈಗಲೂ ಹೇಳುತ್ತಾರೆ. ಅದೇ ಕಾಲದಲ್ಲಿ ಕೆಲವು ರಾಜ್ಯಗಳು ಸಮಾರಂಭಕ್ಕೆ ಬರುವ ಅತಿಥಿಗಳ ಸಂಖ್ಯೆಗೇ ಮಿತಿ ಹಾಕಿದವು. 2011ರಲ್ಲಿ ಕೇಂದ್ರದ ಆಹಾರ ಮಂತ್ರಿಯಾಗಿದ್ದ ಕೇರಳದವರೇ ಆದ ಕೆ.ವಿ. ಥಾಮಸ್ ಮದುವೆಗಳ ದುಂದಿಗೆ ಕಡಿವಾಣ ಬೇಕು ಅಂದರು. 2017ರ ಮಾರ್ಚಿನಲ್ಲಿ ಪ್ರಧಾನಿಗಳು ತಮ್ಮ ರೇಡಿಯೋ ಭಾಷಣದಲ್ಲಿ ಈ ವಿಷಯ ಎತ್ತಿದರು. ಮರು ತಿಂಗಳೇ ಆಹಾರ ಮಂತ್ರಿ ರಾಮ್ ವಿಲಾಸ್ ಪಾಸ್ವಾನ್ ಹೋಟೆಲುಗಳಲ್ಲಿ ಬಡಿಸುವ ಪ್ರಮಾಣ ಗೊತ್ತುಮಾಡುವ ಮಾತಾಡಿದರು. ಗದ್ದಲ ಆಯಿತು. ಕಡ್ಡಾಯ ಏನಿಲ್ಲ ಅಂತ ಹೇಳಬೇಕಾಯಿತು. ಅದೇ ವರ್ಷ ಜಮ್ಮು ಕಾಶ್ಮೀರ ಸರ್ಕಾರ ಮಗಳ ಮದುವೆಗೆ 500, ಮಗನ ಮದುವೆಗೆ 400 ಅತಿಥಿಗಳು ಅಂತ ಆದೇಶ ಹೊರಡಿಸಿತು.

ಶಾಸ್ತ್ರಿಯವರ ಮಾತನ್ನು ಜನ ಕೇಳಿದರು, ಉಳಿದವರ ಮಾತಿಗೆ ರೇಗಿದರು. ಶಾಸ್ತ್ರಿ ತಮ್ಮ ಮನೆಯಲ್ಲಿ ಮೊದಲು ಒಲೆ ಆರಿಸಿ ಆಮೇಲೆ ದೇಶವನ್ನು ಕೇಳಿದವರು. ಕೇಳಿದ್ದು ಸ್ವಂತ ಊಟವನ್ನು. ಅತಿಥಿ ಮಿತಿ ಹಾಗಲ್ಲ. ಅದು ಇನ್ನೊಬ್ಬರಿಗೆ ಬಡಿಸುವುದನ್ನು ತಡೆಯುತ್ತದೆ. ನಮ್ಮಲ್ಲಿ ಹೇಳಿಕೆ ಅಂದರೆ ಮನೆಮನೆಗೆ ಹೋಗಿ ಕರೆಯುವುದು. ಬರುತ್ತೇನೆ, ಬರುವುದಿಲ್ಲ ಅಂತ ಮುಂಚೆ ಯಾರೂ ಹೇಳುವುದಿಲ್ಲ, ಕೇಳುವುದೂ ಮರ್ಯಾದೆ ಅಲ್ಲ. ನೆರೆಕರೆಯವರನ್ನು ಬಿಟ್ಟರೆ ಜನ್ಮಕ್ಕೆ ಮಾತು. ಇಂಥ ಊರಿನಲ್ಲಿ ಸಂಖ್ಯೆಗೆ ಮಿತಿ ಹಾಕಿದರೆ ಅದನ್ನು ಜನ ಆಹಾರದ ನಿಯಮ ಅಂತ ನೋಡುವುದಿಲ್ಲ, ನೆಂಟಸ್ತಿಕೆಗೆ ಬೇಲಿ ಹಾಕಿದಂತೆ ನೋಡುತ್ತಾರೆ.

ಮತ್ತೆ, ಸಂಖ್ಯೆಯೇ ಪೋಲಿಗೆ ಕಾರಣವಾ ಅನ್ನುವುದನ್ನೂ ನೋಡಬೇಕು. ಮುಳ್ಳೇರಿಯ ಕಡೆಯ ಒಂದು ಮದುವೆಯಲ್ಲಿ ಅಡಿಗೆಯ ಭಟ್ರ ಹತ್ತಿರ ಮಾತಾಡುತ್ತಾ ಕೂತಿದ್ದೆ. "ಅನ್ನ ಒಳಿವದು ಕಮ್ಮಿ. ಎರಡನೇ ಹಂತಿ ಕೂದ ಮೇಲೆ ಹೆರ ಎಷ್ಟು ಜನ ಇದ್ದವು ನೋಡಿ ಮತ್ತೆ ಅಕ್ಕಿ ಹಾಕುದು" ಅಂದರು. ಅನ್ನವನ್ನು ಅವರು ಒಟ್ಟಿಗೆ ಬೇಯಿಸುವುದೇ ಇಲ್ಲ, ಬೇಕಾದ ಹಾಗೆ ಕೊಪ್ಪರಿಗೆಗೆ ಅಕ್ಕಿ ಬೀಳುತ್ತದೆ. ಉಳಿಯುವುದು ಬೆಳಗ್ಗೆಯೇ ಮಾಡಿ ಮುಗಿಸಬೇಕಾದ ಪಲ್ಯ, ಮೇಲಾರ, ಸಿಹಿ. ಎಲೆಯಲ್ಲಿ ಬಿಡುವುದಕ್ಕೆ ಕಾರಣ ಬೇರೆ. ಅವರು ಪಂಕ್ತಿಯ ಕಡೆ ಕೈ ತೋರಿಸಿದರು. ಪಲ್ಯದವನು ಓಡುತ್ತಿದ್ದಾನೆ, ಹಿಂದೆಯೇ ಗಸಿಯವನು. ಉಣ್ಣುವವರು ಕೈ ಅಡ್ಡ ಇಡುವ ಮೊದಲೇ ಎಲೆಗೆ ಬಿದ್ದಾಯಿತು. ಮುಂದಿನ ಪಂಕ್ತಿಯವರು ಬೆನ್ನ ಹಿಂದೆ ಕಾಯುತ್ತಿದ್ದಾರೆ, ಹಾಗಾಗಿ ನಿಧಾನ ಮಾಡುವ ಹಾಗಿಲ್ಲ. ಆಮೇಲೆ ಹೋಳಿಗೆ ಹಿಡಿದು ಮನೆಯವರು ಬಂದು "ಒಂದಾದರೂ" ಅಂತ ಒತ್ತಾಯ ಮಾಡುತ್ತಾರೆ. ಬೇಡ ಅಂದರೆ ಅವರಿಗೆ ಬೇಜಾರು, ಹಾಕಿಸಿಕೊಂಡರೆ ಎಲೆಯಲ್ಲಿ ಬಾಕಿ.

ಇಲ್ಲಿ ಪೋಲು ಹುಟ್ಟುವುದು ಬಡಿಸುವ ವೇಗದಲ್ಲಿ ಮತ್ತು ಒತ್ತಾಯದ ಉಪಚಾರದಲ್ಲಿ. ಐದುನೂರಕ್ಕೆ ಮಿತಿ ಹಾಕಿದರೆ ಇವೆರಡೂ ಹಾಗೆಯೇ ಇರುತ್ತವೆ. ಸುಧರಿಕೆಗೆ ನಿಂತ ಹುಡುಗರಿಗೆ "ಕೇಳಿ ಬಡಿಸಿ, ಎರಡನೇ ಸಲ ಬನ್ನಿ" ಅಂತ ಹೇಳುವುದು ಕಾನೂನಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಅಂತ ನನ್ನ ನಂಬಿಕೆ. ಬಿರಿಯಾನಿ ಊಟದ ಮನೆಗಳಲ್ಲೂ ಇದೇ ಲೆಕ್ಕ. ದೊಡ್ಡ ತಟ್ಟೆಗೆ ಒಟ್ಟಿಗೆ ಸುರಿದಾಗ ಉಳಿಯುವುದು ಜಾಸ್ತಿ.

ಉಳಿದದ್ದನ್ನು ಹಂಚುವುದು

ಯಾವ ಯೋಜನೆಗೆ ಜನರ ಮನಸ್ಸು ಬೇಗ ಕರಗುತ್ತದೆ ಅಂದರೆ ಇದಕ್ಕೆ. ಉಳಿದದ್ದನ್ನು ಹಸಿದವರಿಗೆ ಕೊಡಿ, ಇದರಲ್ಲಿ ತಪ್ಪೇನು? ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ "ಸೇವ್ ಫುಡ್, ಶೇರ್ ಫುಡ್" ಅಂತ ಒಂದು ಕಾರ್ಯಕ್ರಮ ಶುರುಮಾಡಿತು. 2019ರಲ್ಲಿ ಹೆಚ್ಚುವರಿ ಆಹಾರ ಸಂಗ್ರಹಿಸಿ ಹಂಚುವುದಕ್ಕೆ ಪ್ರತ್ಯೇಕ ನಿಯಮಗಳನ್ನೇ ತಂದಿತು. ದಾನ ಕೊಟ್ಟ ಆಹಾರವೂ ಮಾರುವ ಆಹಾರದಷ್ಟೇ ಸುರಕ್ಷಿತ ಇರಬೇಕು, ಏನು, ಯಾವಾಗಿನದು ಅಂತ ಗುರುತು ಇರಬೇಕು ಅನ್ನುವುದು ಅದರ ಸಾರ.

ಆದರೆ ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಒಂದು ಕಹಿ ನೆನಪು ಅಡ್ಡ ಬರುತ್ತದೆ. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ತುಂಬ ಜನ ಆಸ್ಪತ್ರೆ ಸೇರಿದರು, ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಆಮೇಲೆ ರಾಜ್ಯವಿಡೀ ತಪಾಸಣೆ ಬಿಗಿಯಾಯಿತು. 2023ರ ಶುರುವಿನಲ್ಲಿ ಪಾರ್ಸೆಲ್ ಮೇಲೆ ತಯಾರಿಸಿದ ದಿನ, ಹೊತ್ತು, ಎಷ್ಟರೊಳಗೆ ತಿನ್ನಬೇಕು ಅಂತ ಸ್ಟಿಕ್ಕರ್ ಇರಬೇಕು ಅಂತ ಕೇರಳ ಸರ್ಕಾರ ಆದೇಶ ಮಾಡಿತು. ಹಸಿ ಮೊಟ್ಟೆಯ ಮಯೋನೈಸ್ ನಿಷೇಧಿಸಿತು. ಅದು ಬೇಕಾದ ಕ್ರಮವೇ. ಅದರ ಜೊತೆಗೆ ಒಂದು ಭಯವೂ ಊರಲ್ಲಿ ಉಳಿಯಿತು. ಕೊಟ್ಟ ಊಟದಿಂದ ಯಾರಿಗಾದರೂ ಹೆಚ್ಚುಕಡಿಮೆ ಆದರೆ ಪೊಲೀಸರು ಯಾರ ಮನೆಗೆ ಬರುತ್ತಾರೆ? ಅಮೆರಿಕದಲ್ಲಿ ಒಳ್ಳೆಯ ಮನಸ್ಸಿನಿಂದ ಆಹಾರ ದಾನ ಮಾಡಿದವರಿಗೆ ರಕ್ಷಣೆ ಕೊಡುವ ಕಾನೂನು 1996ರಲ್ಲೇ ಬಂತು. ಅಂಥ ಭರವಸೆ ಮನಸ್ಸಿಗೆ ಇಲ್ಲದಾಗ ಉಳಿದ ಊಟವನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚುವುದೇ ಸುರಕ್ಷಿತ ಅಂತ ಮನೆಯವರಿಗೆ ಅನಿಸುತ್ತದೆ.

ಭಯಕ್ಕೆ ಆಧಾರವೂ ಇದೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಒಂದು ಬ್ಯಾಕ್ಟೀರಿಯ ಬೀಜದ ರೂಪದಲ್ಲಿ ಇರುತ್ತದೆ. ಬೇಯಿಸಿದರೂ ಆ ಬೀಜ ಸಾಯುವುದಿಲ್ಲ. ಬಿಸಿ ಆರಿ, ನಮ್ಮ ಕರಾವಳಿಯ ಸೆಕೆಯಲ್ಲಿ ಗಂಟೆಗಟ್ಟಲೆ ಕೂತಾಗ ಅದು ಮೊಳೆತು ವಿಷ ಬಿಡುತ್ತದೆ. ಆಮೇಲೆ ಮತ್ತೆ ಕುದಿಸಿದರೆ ಬ್ಯಾಕ್ಟೀರಿಯ ಸಾಯಬಹುದು, ವಿಷ ಹೋಗುವುದಿಲ್ಲ. ಹಾಗಾಗಿ ಬಿಸಿ ಊಟ 60 ಡಿಗ್ರಿಗಿಂತ ಮೇಲೆ ಇರಬೇಕು, ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ. ಮಧ್ಯಾಹ್ನ ಒಂದು ಗಂಟೆಗೆ ಮುಗಿದ ಮದುವೆಯ ಊಟವನ್ನು ಸಂಜೆ ಐದಕ್ಕೆ ಒಂದು ಆಶ್ರಮಕ್ಕೆ ಒಯ್ದರೆ ಅದು ದಾನ ಅಲ್ಲ, ಅಪಾಯ. ಹಂಚುವ ಯೋಜನೆ ನಡೆಯಬೇಕಾದರೆ ಬೇಕಾದದ್ದು ವ್ಯಾನು, ಬಿಸಿ ಇಡುವ ಪಾತ್ರೆ, ಮೊದಲ ಪಂಕ್ತಿ ಕೂತಾಗಲೇ ಫೋನ್ ಮಾಡಿದರೆ ಬರುವ ಜನ. ಭಾಷಣದಲ್ಲಿ ಇದು ಯಾವುದೂ ಬರುವುದಿಲ್ಲ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾಗದು. ಹಂಚುವ ಬಗ್ಗೆ ಅಭಿಪ್ರಾಯ ಕೇಳುವಾಗ ನಾವು ಕೊಡುವವರನ್ನು ಮಾತ್ರ ಕೇಳುತ್ತೇವೆ. ತೆಗೆದುಕೊಳ್ಳುವವರನ್ನು ಯಾರು ಕೇಳಿದರು? ತುಳುನಾಡಿನಲ್ಲಿ ಕೊರಗ ಸಮುದಾಯದವರಿಗೆ ಎಂಜಲು, ಉಗುರು, ಕೂದಲು ಬೆರೆಸಿದ ಅನ್ನ ಕೊಡುವ ಅಜಲು ಅನ್ನುವ ಹೀನ ಪದ್ಧತಿ ಇತ್ತು. ಕರ್ನಾಟಕ ಅದನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾನೂನೇ ಮಾಡಬೇಕಾಯಿತು. ಮಂಜೇಶ್ವರ, ಕುಂಬಳೆ ಕಡೆಗಳಲ್ಲೂ ಕೊರಗರ ಮನೆಗಳಿವೆ. ಅಂಥ ನೆನಪಿರುವ ಊರಿನಲ್ಲಿ "ಉಳಿದದ್ದನ್ನು ಕಾಲನಿಗೆ ಕೊಟ್ಟುಬಿಡಿ" ಅನ್ನುವ ಮಾತು ಎಷ್ಟು ಚುಚ್ಚುತ್ತದೆ ಅಂತ ಹೇಳುವವರು ಯೋಚಿಸಬೇಕು. ಪಾತ್ರೆಯಲ್ಲಿ ಉಳಿದ ಶುದ್ಧ ಊಟವೇ ಇರಲಿ, ಕೊಡುವ ರೀತಿಯಲ್ಲಿ ಮರ್ಯಾದೆ ಇಲ್ಲದಿದ್ದರೆ ತೆಗೆದುಕೊಳ್ಳದವರನ್ನು ದೂರುವ ಹಾಗಿಲ್ಲ.

ಕೋಝಿಕ್ಕೋಡಿನಲ್ಲಿ 2015ರಲ್ಲಿ ಆಗಿನ ಜಿಲ್ಲಾಧಿಕಾರಿ ಪ್ರಶಾಂತ್ ನಾಯರ್ ಕಾಲದಲ್ಲಿ ಶುರುವಾದ ಆಪರೇಶನ್ ಸುಲೈಮಾನಿ ಈ ಕಾರಣಕ್ಕೆ ನೆನಪಾಗುತ್ತದೆ. ಹಸಿದವರು ಕೂಪನ್ ತೆಗೆದುಕೊಂಡು ಹೋಟೆಲಿಗೆ ಹೋಗಿ ಉಳಿದ ಗಿರಾಕಿಗಳ ಹಾಗೆಯೇ ಕೂತು ಉಣ್ಣಬಹುದಿತ್ತು. ಯಾಕೆ, ಯಾರು ಅಂತ ಕೇಳುವ ಹಾಗಿಲ್ಲ. ಅಲ್ಲಿ ಸಿಗುತ್ತಿದ್ದದ್ದು ಉಳಿಕೆ ಅಲ್ಲ, ಬಿಸಿ ಊಟ. ಹಸಿವನ್ನು ನೀಗಿಸುವ ಕೆಲಸವನ್ನು ಪೋಲು ತಡೆಯುವ ಕೆಲಸದ ಬಾಲಕ್ಕೆ ಕಟ್ಟಬಾರದು. ಎರಡೂ ಬೇಕು, ಎರಡಕ್ಕೂ ಅದರದರ ದಾರಿ ಬೇಕು.

ಐವತ್ತು ರೂಪಾಯಿಯ ಜಗಳ

ಈಗ ಪಂಚಾಯತಿನ ಮಟ್ಟಕ್ಕೆ ಬರೋಣ. ಕೇರಳದಲ್ಲಿ ಹಸಿ ಕಸ ಹುಟ್ಟಿದಲ್ಲೇ ಮುಗಿಯಬೇಕು ಅನ್ನುವುದು ಸರ್ಕಾರದ ನೀತಿ. ರಾಜ್ಯ ಸರ್ಕಾರದ ಶುಚಿತ್ವ ಮಿಷನ್, ಹರಿತ ಕೇರಳ ಮಿಷನ್ ಎರಡೂ ಇದನ್ನೇ ಹೇಳುತ್ತವೆ. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವ ಬಯೋಬಿನ್, ರಿಂಗ್ ಕಂಪೋಸ್ಟ್, ಪೈಪ್ ಕಂಪೋಸ್ಟ್, ಮತ್ತೆ ಗ್ಯಾಸ್ ಪ್ಲಾಂಟ್, ಇವುಗಳಿಗೆ ಪಂಚಾಯತಿನಿಂದ ಸಹಾಯಧನ ಸಿಗುತ್ತದೆ. ಹರಿತ ಕರ್ಮ ಸೇನೆಯ ಹೆಂಗಸರು ಮನೆಗೆ ಬಂದು ಒಯ್ಯುವುದು ಪ್ಲಾಸ್ಟಿಕ್ ಮುಂತಾದ ಒಣ ಕಸವನ್ನು. ಅದಕ್ಕೆ ಪಂಚಾಯತುಗಳಲ್ಲಿ ತಿಂಗಳಿಗೆ 50 ರೂಪಾಯಿ.

2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದು ನಗರ ದಿನಗಟ್ಟಲೆ ಹೊಗೆಯಲ್ಲಿ ಮುಳುಗಿದ ಮೇಲೆ ಎಲ್ಲವೂ ಬಿಗಿಯಾಯಿತು. ಮಾಲಿನ್ಯಮುಕ್ತ ನವಕೇರಳ ಅಂತ ದೊಡ್ಡ ಅಭಿಯಾನ ಬಂತು. ಕಸ ಎಸೆಯುವವರ ಚಿತ್ರ ಕಳಿಸಿದವರಿಗೆ ಬಹುಮಾನ ಬಂತು. ಹೊಳೆ, ತೋಡಿಗೆ ಕಸ ಹಾಕಿದರೆ 10 ಸಾವಿರದಿಂದ 50 ಸಾವಿರದವರೆಗೆ ದಂಡ, ಜೈಲು ಅಂತ ಕಾನೂನು ತಿದ್ದಿದರು. ಮನೆಯ ಅಂಗಳದಂಥ ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭ ಮಾಡುವುದಿದ್ದರೆ ಮೂರು ಕೆಲಸದ ದಿನ ಮೊದಲೇ ಪಂಚಾಯತಿಗೆ ತಿಳಿಸಬೇಕು ಅನ್ನುವುದು 2016ರ ಕೇಂದ್ರದ ಕಸ ನಿರ್ವಹಣಾ ನಿಯಮದಲ್ಲೇ ಬಂದದ್ದು.

ಇದರ ಬಗ್ಗೆ ಬರುವ ದೂರುಗಳಲ್ಲಿ ಕೆಲವು ಸುಮ್ನೆ ಗೊಣಗಾಟ, ಕೆಲವು ನಿಜವಾದ ತೊಂದರೆ. "ಪ್ಲಾಸ್ಟಿಕ್ಕೇ ಇಲ್ಲ, ಐವತ್ತು ಯಾಕೆ?" ಅನ್ನುವುದು ಮೊದಲ ಜಾತಿಯದ್ದು. ಬಿಸಿಲಲ್ಲಿ ಮನೆಮನೆ ಅಲೆದು ನಮ್ಮ ಕಸ ಹೊತ್ತುಕೊಂಡು ಹೋಗುವವರ ಕೂಲಿ ಅದು. ಕೊಡುವುದೇ ಸರಿ.

ಎರಡನೆಯ ಜಾತಿಯ ದೂರು ಬೇರೆ. ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಯ ಬಾಡಿಗೆ ಕ್ವಾರ್ಟರ್ಸಿನಲ್ಲಿ ಇರುವವರಿಗೆ ಗೇಣು ಮಣ್ಣಿಲ್ಲ. ಮನೆ ಅವರದಲ್ಲ, ಗ್ಯಾಸ್ ಪ್ಲಾಂಟ್ ಕೂರಿಸುವ ಅಧಿಕಾರ ಇಲ್ಲ. ಮೀನಿನ ನೀರು, ಉಳಿದ ಸಾಂಬಾರು ಎಲ್ಲಿಗೆ ಹಾಕಬೇಕು? "ಹುಟ್ಟಿದಲ್ಲೇ ಮುಗಿಸಿ" ಅನ್ನುವ ನೀತಿ ತೋಟವಿರುವವರನ್ನು ನೋಡಿ ಮಾಡಿದ್ದು. ದಂಡ ಬೀಳುವುದು ಜಾಸ್ತಿ ತೋಟವಿಲ್ಲದವರಿಗೆ.

ಬಯೋಬಿನ್ ಕೂಡ ಹೇಳಿಕೊಟ್ಟಷ್ಟು ಸುಲಭ ಅಲ್ಲ. ಹಸಿ ಕಸದ ಮೇಲೆ ಪ್ರತಿ ಸಲ ತೆಂಗಿನ ನಾರಿನ ಹುಡಿಯೋ ಒಣ ತರಗೆಲೆಯೋ ಹಾಕಬೇಕು, ಗಾಳಿ ಆಡಬೇಕು. ಗಾಳಿ ಆಡಿದರೆ ಗೊಬ್ಬರ. ಗಾಳಿ ಇಲ್ಲದೆ ನೀರು ನಿಂತರೆ ಕೊಳೆತು ನಾರುತ್ತದೆ, ಹುಳ ಆಗುತ್ತದೆ. ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಹುಟ್ಟುವುದೂ ಆಗಲೇ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್‌ನಿಂದ ನಾಲ್ಕು ತಿಂಗಳು ಒಣ ಹುಡಿ ಸಿಗುವುದೇ ಕಷ್ಟ. ಬೇಸಿಗೆಯಲ್ಲಿ ಬಿನ್ ಹಂಚಿ ಫೋಟೋ ತೆಗೆದವರು ಜುಲೈಯಲ್ಲಿ ಒಮ್ಮೆ ಬಂದು ಮುಚ್ಚಳ ತೆಗೆದು ನೋಡಬೇಕು. ಬಿನ್ ಈಗ ನೀರು ತುಂಬಿಸಲು, ಹಿಂಡಿ ಇಡಲು ಉಪಯೋಗ ಆಗುತ್ತಿದ್ದರೆ ಅದು ಜನರ ಉಡಾಫೆ ಅಲ್ಲ. ಎರಡನೇ ಸಲ ಬಂದು ಹೇಳಿಕೊಡುವವರು ಇರಲಿಲ್ಲ, ಅಷ್ಟೇ.

ಭಾಷೆಯ ತೊಡಕೂ ಇದೆ. ಪಂಚಾಯತಿನ ನೋಟಿಸು, ವಾಟ್ಸಾಪಿನಲ್ಲಿ ಬರುವ ಸೂಚನೆ ಬಹಳ ಸಲ ಮಲಯಾಳದಲ್ಲಿ ಮಾತ್ರ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ದಂಡದ ಸುದ್ದಿ ಬಾಯಿಂದ ಬಾಯಿಗೆ ತಲುಪುತ್ತದೆ, ಸಹಾಯಧನದ ಸುದ್ದಿ ತಲುಪುವುದಿಲ್ಲ. ಯೋಜನೆಯ ಹೆದರಿಸುವ ಅರ್ಧ ಮಾತ್ರ ಗೊತ್ತಿರುವವರು ಅದನ್ನು ಒಪ್ಪುತ್ತಾರೆ ಅಂತ ನಿರೀಕ್ಷಿಸುವುದು ಹೇಗೆ?

ಬೇರೆ ಕಡೆ ಜನ ಹೇಗೆ ಒಪ್ಪಿದರು

ದಕ್ಷಿಣ ಕೊರಿಯ 2005ರಲ್ಲಿ ಆಹಾರದ ಕಸವನ್ನು ನೆಲದಲ್ಲಿ ಹೂಳುವುದನ್ನು ನಿಲ್ಲಿಸಿತು. 2013ರಿಂದ ಎಸೆದಷ್ಟಕ್ಕೆ ಹಣ. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಕಾರ್ಡು ತೋರಿಸಿದರೆ ಮುಚ್ಚಳ ತೆರೆಯುತ್ತದೆ, ತೂಕ ಕಾಣಿಸುತ್ತದೆ, ಅಷ್ಟಕ್ಕೆ ಬಿಲ್ಲು. ಕಡಿಮೆ ಎಸೆದವರಿಗೆ ಕಡಿಮೆ. ಇದರಲ್ಲಿ ನ್ಯಾಯ ಕಣ್ಣಿಗೆ ಕಾಣುತ್ತದೆ. ಎಲ್ಲರಿಗೂ ಒಂದೇ ಮೊತ್ತ ಇದ್ದಾಗ ಪೋಲು ಕಡಿಮೆ ಮಾಡಿದವರಿಗೆ ಏನೂ ಸಿಗುವುದಿಲ್ಲ. ಫ್ರಾನ್ಸ್ 2016ರಲ್ಲಿ 400 ಚದರ ಮೀಟರಿಗಿಂತ ದೊಡ್ಡ ಸೂಪರ್ ಮಾರ್ಕೆಟುಗಳು ಮಾರಾಟವಾಗದ ಆಹಾರವನ್ನು ಹಾಳುಗೆಡವಬಾರದು, ದಾನ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳಬೇಕು ಅಂತ ಕಾನೂನು ತಂದಿತು. ಅಲ್ಲಿ ಹೊರೆ ಮೊದಲು ಬಿದ್ದದ್ದು ದೊಡ್ಡವರ ಮೇಲೆ. ಚೀನಾ 2021ರಲ್ಲಿ ಮಾಡಿದ ಕಾನೂನಿನಲ್ಲಿ ಜಾಸ್ತಿ ಆರ್ಡರ್ ಮಾಡುವಂತೆ ಗಿರಾಕಿಗಳನ್ನು ಒತ್ತಾಯಿಸುವ ಹೋಟೆಲಿಗೆ 10 ಸಾವಿರ ಯುವಾನ್ ತನಕ ದಂಡ ಇದೆ.

ಇವನ್ನೆಲ್ಲ ಇಲ್ಲಿಗೆ ಹಾಗೆಯೇ ತರಲಾಗದು. ಆದರೂ ಒಂದು ವಿಷಯ ಇವುಗಳಿಂದ ತಿಳಿಯುತ್ತದೆ. ಹೊರೆ ಮೇಲಿನಿಂದ ಕೆಳಕ್ಕೆ ಬಂದಾಗ ಮತ್ತು ತಾನು ಮಾಡಿದ್ದು ತನಗೇ ಲೆಕ್ಕದಲ್ಲಿ ಕಂಡಾಗ ಜನ ಕಠಿಣ ನಿಯಮವನ್ನೂ ಸಹಿಸುತ್ತಾರೆ. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಹತ್ತಿರದ ಉದಾಹರಣೆ ಇದೆ. 2019ರ ನವೆಂಬರಿನಲ್ಲಿ ಕಾಞಂಗಾಡಿನಲ್ಲಿ ನಡೆದ ರಾಜ್ಯ ಶಾಲಾ ಕಲೋತ್ಸವದಲ್ಲಿ ಸಾವಿರಾರು ಜನರ ಊಟ ಹಸಿರು ನಿಯಮದಲ್ಲಿ, ಅಂದರೆ ಬಳಸಿ ಎಸೆಯುವ ಪ್ಲಾಸ್ಟಿಕ್ ಇಲ್ಲದೆ, ನಡೆಯಿತು. ಅಂಥ ಕಡೆ ಯಾರೂ ಗೊಣಗುವುದಿಲ್ಲ, ಯಾಕೆಂದರೆ ನಿಯಮ ಎಲ್ಲರಿಗೂ ಒಂದೇ ಮತ್ತು ವ್ಯವಸ್ಥೆ ಮಾಡಿದವರು ಕಣ್ಣೆದುರೇ ನಿಂತಿರುತ್ತಾರೆ.

ಕೇರಳದ ಕಾನೂನಿನ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅಲ್ಲಿ ಈ ವಿಷಯ ಬಂದಾಗ "ಬೇಕಾ, ಬೇಡವಾ" ಅಂತ ಕೈ ಎತ್ತಿಸುವುದರಲ್ಲಿ ಅರ್ಥವಿಲ್ಲ. ಬಿನ್ ಕೊಟ್ಟ ಮನೆಗಳಲ್ಲಿ ಈಗ ಎಷ್ಟು ನಡೆಯುತ್ತಿವೆ ಅಂತ ಕೇಳಬೇಕು. ಕ್ವಾರ್ಟರ್ಸಿನ ಮಾಲಿಕರಿಗೆ ಒಟ್ಟು ಗ್ಯಾಸ್ ಪ್ಲಾಂಟ್ ಕಡ್ಡಾಯ ಮಾಡಲು ಆಗುತ್ತದಾ ಅಂತ ಕೇಳಬೇಕು. ನೋಟಿಸು ಕನ್ನಡದಲ್ಲೂ ಬರಲಿ ಅಂತ ನಡಾವಳಿಯಲ್ಲಿ ಬರೆಸಬೇಕು. ಮದುವೆ ಹಾಲುಗಳಲ್ಲಿ ಪ್ರತಿ ಸಮಾರಂಭದ ನಂತರ ಎಲೆಯಲ್ಲಿ ಬಿಟ್ಟದ್ದು ಎಷ್ಟು, ಪಾತ್ರೆಯಲ್ಲಿ ಉಳಿದದ್ದು ಎಷ್ಟು ಅಂತ ಬೇರೆ ಬೇರೆ ತೂಗಿ ಬರೆದಿಡಲು ಹೇಳಬೇಕು. ಇದಕ್ಕೆ ಹೊಸ ಯೋಜನೆ ಬೇಡ, ಅಡುಗೆ ಕೋಣೆಯಲ್ಲಿ ಅಕ್ಕಿ ತೂಗುವ ತಕ್ಕಡಿಯೇ ಸಾಕು. ಒಂದು ಮದುವೆ ಸೀಸನ್ನಿನ ಲೆಕ್ಕ ಕೈಯಲ್ಲಿದ್ದರೆ ಮುಂದಿನ ವರ್ಷ ಹಾಲ್ ಬುಕ್ ಮಾಡಲು ಬಂದವರಿಗೆ, ಅಡಿಗೆಯ ಭಟ್ರಿಗೆ, ಪಂಚಾಯತಿನ ಮೆಂಬರಿಗೆ ಮೂವರಿಗೂ ತೋರಿಸಬಹುದು.